ರೆಕ್ಕೆಯೊಂದನ್ನೇ ದೂರಿದರೆ ಸಾಲದು

ಒಂದೇ ಮಾದರಿಯ ವಿಮಾನಗಳು ಮೇಲಿಂದ ಮೇಲೆ ಬಿದ್ದರೆ ತಪ್ಪು ಯಾರದು? ಯಂತ್ರದ್ದೋ, ಹಾರಿಸಿದವನದೋ? ಎರಡನೇ ಮಹಾಯುದ್ಧ ಕಾಲದ ಅಮೆರಿಕದ ಅವಳಿ ಎಂಜಿನ್ ಬಾಂಬರ್ ಬಿ-26 ಮರಾಡರ್‌ನ ಚರಿತ್ರೆ ನೋಡಿದರೆ ಈ ಪ್ರಶ್ನೆಯೇ ಅರೆಬರೆಯದು.

1939ರಲ್ಲಿ ಅಮೆರಿಕದ ಸೇನೆ ಮಾರ್ಟಿನ್ ಕಂಪನಿಗೆ 201 ವಿಮಾನಗಳ ಆರ್ಡರ್ ಕೊಟ್ಟಾಗ ಕೈಯಲ್ಲಿದ್ದದ್ದು ನಕ್ಷೆ ಮಾತ್ರ. ಹಾರಿಸಿ ಪರೀಕ್ಷಿಸಲು ಮೂಲಮಾದರಿಯೇ ಇರಲಿಲ್ಲ. ವೇಗ ಬೇಕೆಂದು ರೆಕ್ಕೆಯನ್ನು ಚಿಕ್ಕದಾಗಿಟ್ಟರು. ಹಾಗಾಗಿ ಇಳಿಯುವಾಗಲೂ ವೇಗ ತಗ್ಗಿಸುವಂತಿರಲಿಲ್ಲ. ಮೇಲೇರುವಾಗ ಒಂದು ಎಂಜಿನ್ ಕೈಕೊಟ್ಟರೆ ಹೊಸ ಪೈಲಟ್‌ಗೆ ಸಾವರಿಸಿಕೊಳ್ಳಲು ಸಮಯವೇ ಸಿಗುತ್ತಿರಲಿಲ್ಲ. ಫ್ಲಾರಿಡಾದ ತರಬೇತಿ ನೆಲೆಯಲ್ಲಿ ‘ದಿನಕ್ಕೊಂದು ಟ್ಯಾಂಪಾ ಕೊಲ್ಲಿಗೆ’ ಎಂಬ ಮಾತೇ ಹುಟ್ಟಿಕೊಂಡಿತು.

ಸೆನೆಟರ್ ಹ್ಯಾರಿ ಟ್ರೂಮನ್ ಅವರ ಸಮಿತಿ ವಿಚಾರಣೆಗಿಳಿಯಿತು. ರೆಕ್ಕೆಯ ಹರವು 65 ಅಡಿಯಿಂದ 71 ಅಡಿಗೆ ಏರಿತು, ಬಾಲವೂ ದೊಡ್ಡದಾಯಿತು. ಆದರೆ ಬಂದೂಕು, ಕವಚಗಳು ಸೇರಿ ತೂಕವೂ ಏರಿದ್ದರಿಂದ ರೆಕ್ಕೆಯ ಮೇಲಿನ ಹೊರೆ ಅಷ್ಟೇನೂ ಇಳಿಯಲಿಲ್ಲ. ಆದರೂ ಅಪಘಾತ ಕಡಿಮೆಯಾದವು. ಹಾಗಾದರೆ ದೋಷ ಬೇರೆಡೆಯೂ ಇತ್ತು.

ಪ್ರೊಪೆಲರ್ ಅಲಗುಗಳ ಕೋನ ಬದಲಿಸುವ ವ್ಯವಸ್ಥೆ ವಿದ್ಯುತ್ತಿನದು. ನೆಲದ ಮೇಲಿನ ಕೆಲಸಕ್ಕೆ ವಿಮಾನದ ಬ್ಯಾಟರಿಯನ್ನೇ ಬಳಸಿ ಬರಿದು ಮಾಡಿದರೆ, ಮೇಲೇರುವ ಹೊತ್ತಿಗೆ ಆ ಕೋನದ ಮೇಲಿನ ಹಿಡಿತ ತಪ್ಪುತ್ತಿತ್ತು. ಇದು ಮೆಕ್ಯಾನಿಕ್‌ಗಳ ತರಬೇತಿಯ ಕೊರತೆ. ಪೈಲಟ್‌ಗಳ ಭಯ ಕಳೆಯಲು ಸೇನೆಯ ಹೆಸರಾಂತ ವೈಮಾನಿಕ ಜಿಮ್ಮಿ ಡೂಲಿಟಲ್ ಕಡೆಯವರು ಒಂದೇ ಎಂಜಿನ್‌ನಲ್ಲಿ ಹಾರಿಸಿ ತೋರಿಸಬೇಕಾಯಿತು.

ದೋಷ ಯಂತ್ರದಲ್ಲಷ್ಟೇ ಅಲ್ಲ, ಅದನ್ನು ಬಳಸುವ ಬಗೆಯಲ್ಲೂ ಇರುತ್ತದೆ ಎಂಬುದೇ ರಣರಂಗದ ಪಾಠವೂ. 1943ರ ಮೇ 17ರಂದು ಹಾಲೆಂಡಿನ ಐಮಾಯ್ಡನ್ ಮೇಲೆ ತೀರ ಕೆಳಮಟ್ಟದಲ್ಲಿ ದಾಳಿಗೆ ಹೊರಟ 11 ಮರಾಡರ್‌ಗಳಲ್ಲಿ ಒಂದು ಅರ್ಧದಾರಿಯಿಂದ ಹಿಂದಿರುಗಿತು. ಉಳಿದ ಹತ್ತೂ ಮರಳಲಿಲ್ಲ. ಆಮೇಲೆ ದಾಳಿ ಮಧ್ಯಮ ಎತ್ತರಕ್ಕೆ ಬದಲಾಯಿತು. ಅದೇ ವಿಮಾನ ಯುರೋಪಿನಲ್ಲಿ ಅತಿ ಕಡಿಮೆ ನಷ್ಟ ಕಂಡ ಅಮೆರಿಕನ್ ಬಾಂಬರ್‌ಗಳ ಸಾಲಿಗೆ ಸೇರಿತು.

ಯುದ್ಧದಲ್ಲಿ ಕಾಯಲಾಗದು ಎಂಬ ವಾದ ಸುಳ್ಳಲ್ಲ, ತಡಮಾಡಿದರೂ ಜೀವಹಾನಿಯೇ. ಆದರೆ ಮೊದಲೇ ಮಾಡದ ಪರೀಕ್ಷೆ ತಪ್ಪಿಹೋಗುವುದಿಲ್ಲ, ಕಲಿಯುವ ಹುಡುಗರ ಪ್ರಾಣದ ಮೇಲೆ ನಡೆಯುತ್ತದೆ. ಅವಸರದಲ್ಲಿ ಯಂತ್ರ ಕೊಡುವವರು ಅದರ ಜೊತೆಗೇ ತಕ್ಕ ತರಬೇತಿ ಕೊಡಬೇಕು, ಅದನ್ನು ಹಾರಿಸುವವರ ಅಂಜಿಕೆಯನ್ನು ಹೇಡಿತನವೆಂದು ತಳ್ಳದೆ ಸಾಕ್ಷ್ಯವೆಂದು ಕೇಳಬೇಕು. ಮರಾಡರ್ ಸುಧಾರಿಸಿದ್ದು ಈ ಎರಡೂ ತಡವಾಗಿಯಾದರೂ ನಡೆದದ್ದರಿಂದ. ಆ ತಡಕ್ಕೆ ಬೆಲೆ ತೆತ್ತವರು ಮಾತ್ರ ನಿರ್ಧಾರ ಮಾಡಿದವರಲ್ಲ.