ತೇರು, ಖಾಜಿ ಮತ್ತು ದೊಡ್ಡಸ್ವಾಮಿಯವರು

ಇಸ್ಲಾಂ ಮತ್ತು ಕ್ರೈಸ್ತ ಧರ್ಮಗಳು ಅನ್ಯಮತದವರನ್ನು ಹೇಗೆ ನಡೆಸಿಕೊಳ್ಳುತ್ತವೆ ಎಂಬ ಮಾತು ಬಂದಾಗ, ಹೆಚ್ಚಿನವರು ತಮ್ಮ ಗ್ರಂಥವನ್ನು ಎದುರಿನವರ ಚರಿತ್ರೆಯ ಜೊತೆ ತೂಗುತ್ತಾರೆ. ಇದು ನ್ಯಾಯವಲ್ಲ. ಗ್ರಂಥವನ್ನೂ ನಡೆಯನ್ನೂ ಒಟ್ಟಿಗೆ ನೋಡಲು ಹಾಸನ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ.

ಬೇಲೂರು ಚೆನ್ನಕೇಶವನ ರಥೋತ್ಸವದಲ್ಲಿ ದೊಡ್ಡಮೇದೂರಿನ ಖಾಜಿಯವರು ಕುರಾನ್ ಪಠಿಸುವುದು ಹಳೆಯ ವಾಡಿಕೆ. 2022ರಲ್ಲಿ ವಿರೋಧ ಎದ್ದರೂ ಮುಜರಾಯಿ ಇಲಾಖೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ಮರುವರ್ಷ ಪಠಣ ತೇರಿನ ಮುಂದಿನಿಂದ ದೇಗುಲದ ಮೆಟ್ಟಿಲ ಬಳಿಗೆ ಬಂತು. ಈ ಪದ್ಧತಿ ಇಸ್ಲಾಮಿನೊಳಗೂ ನಿರ್ವಿವಾದವಲ್ಲ. ಅಲ್ಲಾಹನಿಗೆ ಸಮನಾಗಿ ಯಾರನ್ನೂ ನಿಲ್ಲಿಸಬಾರದೆಂಬುದೇ ಆ ಧರ್ಮದ ಬುಡ. ಗುಡಿಯ ಉತ್ಸವದಲ್ಲಿ ಪಾಲ್ಗೊಳ್ಳುವುದನ್ನು ಒಪ್ಪದ ವಿದ್ವಾಂಸರು ಬಹಳ. ಆದರೆ ಧರ್ಮದಲ್ಲಿ ಬಲವಂತ ಕೂಡದೆಂದೂ, ಯುದ್ಧಕ್ಕೆ ಬಾರದವರೊಡನೆ ಸೌಜನ್ಯದಿಂದ ಇರಬಹುದೆಂದೂ ಕುರಾನೇ ಹೇಳುತ್ತದೆ. ಇನ್ನೊಂದು ಕಡೆ, ಮುಸ್ಲಿಮೇತರರ ಮೇಲಿನ ಜಿಜಿಯಾ ತೆರಿಗೆ ಕೊಟ್ಟವರಿಗೆ ಸಿಗುತ್ತಿದ್ದದ್ದು ರಕ್ಷಣೆಯೇ ಹೊರತು ಸಮಾನತೆಯಲ್ಲ. ಮತ ತೊರೆದವನಿಗೆ ಸಾಂಪ್ರದಾಯಿಕ ಇಸ್ಲಾಮಿ ನ್ಯಾಯಶಾಸ್ತ್ರ ಮರಣದಂಡನೆ ಹೇಳಿದೆ. ಇದನ್ನು ಮರೆಮಾಚಿ ಇಸ್ಲಾಮಿನ ಪರ ವಾದಿಸಲು ಬರುವುದಿಲ್ಲ.

ಇನ್ನು ಕ್ರೈಸ್ತರ ಕಡೆಗೆ ಬರೋಣ. ಟಿಪ್ಪುವಿನ ಕಾಲದ ಬಲವಂತದ ಮತಾಂತರದಿಂದ ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಮೈಸೂರು ಸೀಮೆಗೆ ಬಂದರು. ಹಾಸನ ಸೀಮೆಯ ಸಾತಿಹಳ್ಳಿಯಲ್ಲಿ ದಿಕ್ಕಿಲ್ಲದವರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು, ಸಿಡುಬಿನ ಲಸಿಕೆ ಹಾಕಿಸಲು ದುಡಿದರು. ಉಡುಗೆ ಊಟಗಳಲ್ಲಿ ಇಲ್ಲಿಯವರಂತೆಯೇ ಬದುಕಿದ ಅವರನ್ನು ಜನ ದೊಡ್ಡಸ್ವಾಮಿಯವರು ಎಂದು ಕರೆದರು. ಹಾಗಿದ್ದೂ ಹಿಂದೂ ಆಚಾರಗಳ ಬಗ್ಗೆ ಅವರು ಬರೆದದ್ದರಲ್ಲಿ ತಿರಸ್ಕಾರ ಎದ್ದು ಕಾಣುತ್ತದೆ. ಕ್ರೈಸ್ತ ಧರ್ಮದ ತೊಡಕು ಇಲ್ಲೇ ಇದೆ: ಸೇವೆ ನಿಜ, ಸೇವೆ ಪಡೆಯುವವನ ನಂಬಿಕೆಗೆ ಗೌರವ ಅನುಮಾನ. ನೆರೆಯವನು ಯಾರು ಎಂದು ಕೇಳಿದವನಿಗೆ ಯೇಸು ತೋರಿಸಿದ್ದು ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನನ್ನು. ಅದೇ ಯೇಸುವಿನ ಹೆಸರಲ್ಲಿ ಗೋವೆಯಲ್ಲಿ 1560ರಿಂದ ಇನ್‌ಕ್ವಿಸಿಷನ್ ಎಂಬ ಕ್ರೂರ ಮತವಿಚಾರಣೆ ನಡೆಯಿತು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯ ಪ್ರತಿಯೊಬ್ಬರ ಹಕ್ಕು ಎಂದು ಒಪ್ಪಿತು. ಎಲ್ಲ ಮುಸ್ಲಿಮರ ಪರವಾಗಿ ಹಾಗೆ ಹೇಳಬಲ್ಲ ಪೀಠ ಇಸ್ಲಾಮಿಗಿಲ್ಲ. ಮತ ತೊರೆಯುವ ಸ್ವಾತಂತ್ರ್ಯದ ವಿಷಯದಲ್ಲಿ ಕ್ಯಾಥೊಲಿಕ್ ಚರ್ಚು ಮುಂದೆ ಹೋಗಿದೆ ಎಂದೇ ನನ್ನ ಅಭಿಪ್ರಾಯ. ಆದರೆ ಅಲ್ಲಿಗೆ ಬರಲು ಅದಕ್ಕೂ ಶತಮಾನಗಳೇ ಹಿಡಿದವು.

ಎರಡೂ ಧರ್ಮಗಳು ಎಡವಿದ್ದು ಹೆಚ್ಚಾಗಿ ಅಧಿಕಾರ ಕೈಯಲ್ಲಿದ್ದಾಗ. ಅಧಿಕಾರದ ಈ ಪರೀಕ್ಷೆ ಅವರಿಗೆ ಮಾತ್ರವಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 1368ರ ಶಾಸನವಿದೆ. ವೈಷ್ಣವರಿಂದ ಅನ್ಯಾಯವಾಗಿದೆ ಎಂದು ಜೈನರು ದೂರಿದಾಗ ವಿಜಯನಗರದ ಅರಸ ಬುಕ್ಕರಾಯ ಇಬ್ಬರ ಕೈಗಳನ್ನೂ ಕೂಡಿಸಿ, ಜೈನರ ರಕ್ಷಣೆಯ ಹೊಣೆಯನ್ನು ವೈಷ್ಣವರಿಗೇ ವಹಿಸಿದ. ಹಾಸನ, ಹೊಳೆನರಸೀಪುರ, ಅರಕಲಗೂಡುಗಳಲ್ಲಿ ಇಂದು ಮುಸ್ಲಿಮರೂ ಕ್ರೈಸ್ತರೂ ಅಲ್ಪಸಂಖ್ಯಾತರು. ಅವರ ಗ್ರಂಥಗಳನ್ನು ಪ್ರಶ್ನಿಸುವ ಹಕ್ಕು ನಮಗಿದೆ. ಪ್ರಶ್ನಿಸುವ ಮುನ್ನ ಆ ಶಾಸನವನ್ನೂ ಒಮ್ಮೆ ಓದಿಕೊಳ್ಳೋಣ.