ರಾಗಿಯ ಬೆಲೆ, ನಾಡಿನ ವರಮಾನ

ಪದವಿ ತರಗತಿಯ ಅರ್ಥಶಾಸ್ತ್ರ ಬೋಧನೆಯು ಸಾಮಾನ್ಯವಾಗಿ ವ್ಯಕ್ತಿ, ಕುಟುಂಬ, ಉದ್ದಿಮೆಗಳ ಆಯ್ಕೆಗಳನ್ನು ಪರಿಶೀಲಿಸುವ ಸೂಕ್ಷ್ಮ ಅರ್ಥಶಾಸ್ತ್ರದಿಂದ ತೊಡಗಿ, ದೇಶದ ವರಮಾನ, ಉದ್ಯೋಗ, ಬೆಲೆಮಟ್ಟಗಳನ್ನು ವಿವೇಚಿಸುವ ಸಮಗ್ರ ಅರ್ಥಶಾಸ್ತ್ರಕ್ಕೆ ಸಾಗುತ್ತದೆ. ಈ ಕ್ರಮದಲ್ಲಿ ದೋಷವಿಲ್ಲ. ಆದರೆ ಇವೆರಡರ ಅಂತರ ಕೇವಲ ಗಾತ್ರದ್ದು, ಚಿಕ್ಕದನ್ನು ಕೂಡುತ್ತ ಹೋದರೆ ದೊಡ್ಡದು ದೊರೆತೀತು ಎಂಬ ಭ್ರಮೆಯನ್ನು ಅದು ವಿದ್ಯಾರ್ಥಿಯಲ್ಲಿ ಉಳಿಸಿಬಿಡುತ್ತದೆ. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಸುತ್ತಿನ ರಾಗಿ ಹೊಲಗಳನ್ನು ಗಮನಿಸಿದರೆ ಈ ಭ್ರಮೆ ನಿಲ್ಲಲಾರದು.

ಒಬ್ಬ ರೈತನ ಇಳುವರಿ ಹೆಚ್ಚಿದರೆ ಅವನ ಆದಾಯ ಹೆಚ್ಚುತ್ತದೆ. ಎಲ್ಲರ ಇಳುವರಿಯೂ ಒಟ್ಟಿಗೆ ಹೆಚ್ಚಿದರೆ ಬೆಲೆ ಕುಸಿದು, ಎಲ್ಲರ ಆದಾಯವೂ ಇಳಿಯಬಹುದು. ಬೆಲೆ ಇಳಿಯಿತೆಂದು ಯಾವ ಮನೆಯೂ ಎರಡರಷ್ಟು ಮುದ್ದೆ ಉಣ್ಣುವುದಿಲ್ಲ. ಬೆಲೆಯ ಬದಲಾವಣೆಗೆ ಬೇಡಿಕೆ ಹೀಗೆ ಅಲ್ಪವಾಗಿ ಮಾತ್ರ ಸ್ಪಂದಿಸುವ ಗುಣವನ್ನು ಅರ್ಥಶಾಸ್ತ್ರಜ್ಞರು ಅಸ್ಥಿತಿಸ್ಥಾಪಕ ಬೇಡಿಕೆ ಎನ್ನುತ್ತಾರೆ. ಕೇಂದ್ರ ಸರ್ಕಾರವು 2025-26ರ ಹಂಗಾಮಿಗೆ ಕ್ವಿಂಟಲ್ ರಾಗಿಗೆ 4,886 ರೂಪಾಯಿ ಬೆಂಬಲ ಬೆಲೆ ಗೊತ್ತುಪಡಿಸಿದ್ದರ ಹಿಂದಿನ ತರ್ಕವನ್ನು ಈ ಗುಣವನ್ನು ಬಿಟ್ಟು ವಿವರಿಸುವುದು ಕಷ್ಟ.

ಇಷ್ಟರವರೆಗಿನದು ಒಂದು ಸರಕಿನ ಮಾರುಕಟ್ಟೆಯ ಮಾತು. ಮಳೆ ಕೈಕೊಟ್ಟ ವರ್ಷ ಒಂದು ಕುಟುಂಬ ಹೊಸ ಬಟ್ಟೆ ಕೊಳ್ಳದೆ, ಮನೆಯ ರಿಪೇರಿ ಮುಂದೂಡಿ ಹಣ ಉಳಿಸುವುದು ವಿವೇಕ; ಸೀಮೆಯ ಎಲ್ಲ ಕುಟುಂಬಗಳೂ ಹಾಗೆಯೇ ಮಾಡಿದಾಗ ಕುಣಿಗಲ್ ಪೇಟೆಯ ದರ್ಜಿಯ, ಗಾರೆ ಕೆಲಸದವನ ದುಡಿಮೆ ನಿಂತು, ಅವರು ಕೊಳ್ಳುತ್ತಿದ್ದ ಹಾಲು, ತರಕಾರಿಗಳ ಮೂಲಕ ನಷ್ಟ ಮತ್ತೆ ಹಳ್ಳಿಗೇ ಮರಳುತ್ತದೆ. ಒಬ್ಬರ ಖರ್ಚು ಮತ್ತೊಬ್ಬರ ವರಮಾನ ಎಂಬ ಈ ಸರಪಳಿಯನ್ನೇ ಅರ್ಥಶಾಸ್ತ್ರಜ್ಞ ಕೇನ್ಸ್ 1936ರ ತನ್ನ ಗ್ರಂಥದಲ್ಲಿ ಸಿದ್ಧಾಂತವಾಗಿ ಬೆಳೆಸಿದ್ದು, ಮತ್ತು ಸಮಗ್ರ ಅರ್ಥಶಾಸ್ತ್ರಕ್ಕೆ ಪ್ರತ್ಯೇಕ ಅಸ್ತಿತ್ವ ದೊರೆತದ್ದು ಇದರಿಂದಲೇ ಹೊರತು ಅದರ ವಿಷಯ ದೊಡ್ಡದೆಂಬ ಕಾರಣಕ್ಕಲ್ಲ.

ಆದರೂ ಒಟ್ಟನ್ನು ಅಳೆಯಲೇಬೇಕಾಗುತ್ತದೆ. ಭಾರತದ ರಾಷ್ಟ್ರೀಯ ವರಮಾನದ ಲೆಕ್ಕಾಚಾರಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರೂ 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆಯನ್ನು ಸ್ಥಾಪಿಸಿದವರೂ ಆದ ವಿ.ಕೆ.ಆರ್.ವಿ. ರಾವ್ ಅವರ ಕ್ಷೇತ್ರವಿದು. ಕನ್ನಡ ನಾಡಿನ ತರಗತಿಗಳಲ್ಲಿ ಅವರ ಹೆಸರು ಇನ್ನಷ್ಟು ಕೇಳಿಬರಬೇಕು. ರೈತ ಮಾರದೆ ಮನೆಯ ಊಟಕ್ಕೆಂದು ಉಳಿಸಿಕೊಂಡ ರಾಗಿಗೂ ಬೆಲೆ ಕಟ್ಟಿ ರಾಷ್ಟ್ರೀಯ ವರಮಾನಕ್ಕೆ ಸೇರಿಸುವುದು ಈ ಲೆಕ್ಕದ ರೂಢಿ. ಅದೇ ರಾಗಿಯ ಹಿಟ್ಟನ್ನು ಕುದಿಯುವ ಎಸರಿಗೆ ಸುರಿದು ಗಂಟಾಗದಂತೆ ತೊಳಸಿ ಮುದ್ದೆ ಕಟ್ಟುವ ಗೃಹಿಣಿಯ ಶ್ರಮಕ್ಕೆ ಮಾತ್ರ ಅಲ್ಲಿ ಸ್ಥಾನವಿಲ್ಲ, ಹೋಟೆಲಿನ ಅಡುಗೆಯವ ಅದನ್ನೇ ಮಾಡಿದರೆ ಉಂಟು. ಈ ಗೆರೆಯನ್ನು ಇಲ್ಲೇ ಏಕೆ ಎಳೆಯಲಾಯಿತು ಎಂಬ ಪ್ರಶ್ನೆ ಮೊದಲ ವರ್ಷದ ತರಗತಿಯಲ್ಲೇ ಏಳಬೇಕು.