ಬೇಲಿ ಇಲ್ಲದ ಹೊಲ, ಬದು ಕಾಯುವ ಕೋರ್ಟು

ಪಕ್ಕದ ಹೊಲದವನು ಬದುವಿನ ಮೇಲೆ ಅರ್ಧ ಅಡಿ ಜಾಸ್ತಿ ನೇಗಿಲು ಹಾಯಿಸಿದರೆ ಏನಾಗುತ್ತೆ ಅಂತ ಬೇಸಾಯದ ಮನೆಯಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ಮೊದಲು ಮಾತು ಬಿಡ್ತಾರೆ, ಆಮೇಲೆ ಸರ್ವೆಯವರನ್ನು ಕರೆಸ್ತಾರೆ, ಕೊನೆಗೆ ವಕೀಲರ ಮನೆ ಬಾಗಿಲು. ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಇಂಥ ಅರ್ಧ ಅಡಿಯ ತಕರಾರಿಗೆ ನೂರಾರು ವರ್ಷಗಳಿಂದ ಊರಿನದೇ ಒಂದು ಕೋರ್ಟು ಇದೆ. ಈಗಲೂ ನಡೀತಾ ಇದೆ. ಅದು ಸೇರೋದು ಎಲ್ಲಿ ಗೊತ್ತೇ? ಊರಿನ ಪಬ್ಬಿನಲ್ಲಿ!

ಆ ಊರಿನ ಹೆಸರು ಲ್ಯಾಕ್ಸ್‌ಟನ್. ನಾಟಿಂಗ್‌ಹ್ಯಾಮ್‌ಶೈರ್ ಸೀಮೆಯಲ್ಲಿದೆ. ವಿಲಿಯಂ ದೊರೆ 1086ರಲ್ಲಿ ಮಾಡಿಸಿದ ಡೂಮ್ಸ್‌ಡೇ ಲೆಕ್ಕದ ಪುಸ್ತಕದಲ್ಲೇ ಇದರ ಹೆಸರಿದೆ.

ಇಂಗ್ಲೆಂಡಿನ ಹಳ್ಳಿಯ ಚರಿತ್ರೆ ಓದುವಾಗ ಎರಡು ಪದ ಪದೇಪದೇ ಎದುರಾಗುತ್ತವೆ. ಒಂದು ಪ್ಯಾರಿಷ್, ಇನ್ನೊಂದು ಮ್ಯಾನರ್. ಪ್ಯಾರಿಷ್ ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು. ಅಲ್ಲಿಯವರ ದೀಕ್ಷಾಸ್ನಾನ, ಮದುವೆ, ಮಣ್ಣು ಮೂರನ್ನೂ ಪುಸ್ತಕದಲ್ಲಿ ಬರೆದಿಡಬೇಕು ಅಂತ 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ. 1601ರ ಕಾನೂನು ಬಂದ ಮೇಲಂತೂ ಊರಿನ ಬಡವರಿಗೋಸ್ಕರ ತೆರಿಗೆ ಎತ್ತುವ ಹೊಣೆಯೂ ಪ್ಯಾರಿಷ್ ಹೆಗಲಿಗೇ ಬಿತ್ತು. ಮ್ಯಾನರ್ ಅಂದರೆ ಒಡೆಯನ ಜಮೀನು, ಅದನ್ನು ಉಳುವ ಗೇಣಿದಾರರು, ಮತ್ತು ಅವರ ವ್ಯಾಜ್ಯಗಳನ್ನು ನೋಡುವ ಕೋರ್ಟು. ಈ ಕೋರ್ಟುಗಳ ಹಳೇ ಕಡತಗಳಲ್ಲಿ ಹಂದಿಯನ್ನು ಬೀದಿಗೆ ಬಿಟ್ಟವನು, ಚರಂಡಿ ತೆಗೆಯದವನು, ಪಕ್ಕದವನ ನೆಲ ಒತ್ತಿದವನು ಎಲ್ಲರೂ ಸಿಗುತ್ತಾರೆ. ರಾಜ ರಾಣಿಯರ ಚರಿತ್ರೆಯಲ್ಲಿ ಒಂದು ಸಾಲೂ ಇಲ್ಲದ ಜನ ದಂಡದ ಲೆಕ್ಕದಲ್ಲಿ ಉಳಿದುಕೊಂಡಿದ್ದಾರೆ.

ಆಗಿನ ಬೇಸಾಯದ ಪದ್ಧತಿಯೇ ಬೇರೆ. ಊರ ಸುತ್ತ ಎರಡು ಮೂರು ದೊಡ್ಡ ಬಯಲು. ಬೇಲಿ ಇಲ್ಲ. ಪ್ರತಿ ಬಯಲಿನಲ್ಲೂ ಉದ್ದುದ್ದ ಪಟ್ಟೆಗಳು, ಪ್ರತಿ ರೈತನಿಗೂ ಅಲ್ಲೊಂದು ಇಲ್ಲೊಂದು ಪಟ್ಟೆ. ಫಲವತ್ತಾದ ನೆಲವೆಲ್ಲ ಒಬ್ಬನಿಗೆ, ಜೌಗೆಲ್ಲ ಇನ್ನೊಬ್ಬನಿಗೆ ಅನ್ನುವ ಹಾಗಿಲ್ಲ. ಒಂದು ಬಯಲಿಗೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯದು ಬೀಳು. ಮುಂದಿನ ವರ್ಷ ಸರದಿ ಬದಲಾಗುತ್ತೆ. "ನಾನು ಮಾತ್ರ ಈ ವರ್ಷ ಬೇರೆ ಹಾಕ್ತೀನಿ" ಅನ್ನೋಕೆ ಆಗಲ್ಲ, ಯಾಕಂದ್ರೆ ಕೊಯ್ಲಾದ ಮೇಲೆ ಎಲ್ಲರ ದನವೂ ಅದೇ ಬಯಲಿನಲ್ಲಿ ಮೇಯಬೇಕು.

ಈ ಪದ್ಧತಿ ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಅಳಿಸಿಹೋಯಿತು. ಪಟ್ಟೆಗಳನ್ನು ಒಟ್ಟುಗೂಡಿಸಿ, ಬೇಲಿ ಹಾಕಿ, ಒಬ್ಬೊಬ್ಬರ ಹೆಸರಿಗೆ ಹಂಚಿದರು. ಗೋಮಾಳದಂಥ ನೆಲವೂ ಹಂಚಿಹೋಯಿತು. 1604ರಿಂದ 1914ರವರೆಗೆ ಪಾರ್ಲಿಮೆಂಟು ಇದಕ್ಕಾಗಿ 5,200ಕ್ಕೂ ಹೆಚ್ಚು ಕಾಯ್ದೆ ಮಾಡಿತು. ಬೇಲಿಯೊಳಗೆ ಸೇರಿದ ನೆಲ ಸುಮಾರು 68 ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ಐದನೇ ಒಂದು ಭಾಗಕ್ಕಿಂತ ಜಾಸ್ತಿ. ಇಳುವರಿ ಹೆಚ್ಚಲಿ ಅನ್ನೋದು ಒಂದು ಕಾರಣ, ಗೇಣಿ ಹೆಚ್ಚಲಿ ಅನ್ನೋದು ಇನ್ನೊಂದು. ಒಂದು ಹಸು, ನಾಲ್ಕು ಬಾತು ಇಟ್ಟುಕೊಂಡು ಬದುಕುತ್ತಿದ್ದ ಬಡವನಿಗೆ ಮೇಯಿಸಲು ಜಾಗವೇ ಹೋಯಿತು. ತುಂಡು ನೆಲ ಸಿಕ್ಕಿದವನೂ ಬೇಲಿಯ ಖರ್ಚಿಗೆ ಹೆದರಿ ಮಾರಿಬಿಟ್ಟ.

ಹಾಗಾದ್ರೆ ಲ್ಯಾಕ್ಸ್‌ಟನ್ ಹೇಗೆ ಉಳಿಯಿತು? ಯಾರೋ ಪುಣ್ಯಾತ್ಮರು ಪಣ ತೊಟ್ಟು ಉಳಿಸಿದ್ದಲ್ಲ. ಅಲ್ಲಿ ಇಬ್ಬರು ದೊಡ್ಡ ಒಡೆಯರಿದ್ದರು. ನೆಲ ಅದಲು ಬದಲು ಮಾಡಿಕೊಳ್ಳಲು ಅವರಿಬ್ಬರಿಗೆ ಬಹುಕಾಲ ಹೊಂದಾಣಿಕೆಯೇ ಆಗಲಿಲ್ಲ. ದೊಡ್ಡವರ ಜಗಳ ಸಣ್ಣವರಿಗೆ ಉಪಕಾರವಾಯಿತು! ಮುಂದೆ 1952ರಲ್ಲಿ ಸರ್ಕಾರದ ಕೃಷಿ ಇಲಾಖೆ ಊರನ್ನು ಕೊಂಡಿತು, 1981ರಲ್ಲಿ ಅದು ಕ್ರೌನ್ ಎಸ್ಟೇಟಿಗೆ ಹೋಯಿತು, 2020ರಲ್ಲಿ ಥೋರ್ಸ್‌ಬಿ ಎಸ್ಟೇಟಿಗೆ. ಒಡೆಯರು ಬದಲಾದರೂ ಪಟ್ಟೆಗಳು ಬದುಕಿಕೊಂಡವು. ಈಗ ಉಳಿದಿರೋದು 500 ಎಕರೆಗೂ ಸ್ವಲ್ಪ ಕಡಿಮೆ.

ಮಗಳು ಆ ಕಡೆ ಕೆಲಸದಲ್ಲಿದ್ದಾಗ ನಾನೂ ಒಂದು ದಿನ ಆ ಬಯಲಿನಲ್ಲಿ ಓಡಾಡಿದೆ. ನೋಡೋಕೆ ಏನೂ ಇಲ್ಲ ಅನ್ನಿಸುತ್ತೆ. ಗೋಧಿಯ ಹಸಿರು, ಮಧ್ಯೆ ಮಧ್ಯೆ ಹುಲ್ಲಿನ ಓಣಿಗಳು. ಅವಕ್ಕೆ ಸೈಕ್ ಅಂತಾರೆ, ಅವು ಎಲ್ಲರಿಗೂ ಸೇರಿದ ಜಾಗ. ಆದರೆ ಒಂದು ಪಟ್ಟೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತೆ ಅಂತ ನನ್ನ ಕಣ್ಣಿಗಂತೂ ಗೊತ್ತಾಗಲಿಲ್ಲ. ಅದನ್ನು ನೋಡಿಕೊಳ್ಳೋದೇ ಕೋರ್ಟಿನ ಕೆಲಸ.

ಪ್ರತಿ ವರ್ಷ ನವೆಂಬರ್ ಕೊನೆಗೆ ರೈತರೇ ಜ್ಯೂರಿಯಾಗಿ, ಟ್ರಾಕ್ಟರ್ ಟ್ರೇಲರ್ ಹತ್ತಿ, ಹೊಸದಾಗಿ ಬಿತ್ತಿದ ಬಯಲಿಗೆ ಹೋಗುತ್ತಾರೆ. ಗಡಿಗೆ ಗೂಟ ಹೊಡೆಯುತ್ತಾರೆ. ಯಾರ ಟ್ರಾಕ್ಟರ್ ಹುಲ್ಲಿನ ಓಣಿಗೆ ನುಗ್ಗಿದೆ, ಯಾರು ದಾರಿ ಒತ್ತಿದ್ದಾರೆ ಅಂತ ಬರೆದುಕೊಳ್ಳುತ್ತಾರೆ. ವಾರ ಕಳೆದು ಡವ್‌ಕೋಟ್ ಇನ್ ಅನ್ನುವ ಪಬ್ಬಿನಲ್ಲಿ ಕೋರ್ಟ್ ಲೀಟ್ ಸೇರಿ ದಂಡ ಹಾಕುತ್ತೆ. ದಂಡದ ಮೊತ್ತ ಹೆಚ್ಚೇನಲ್ಲ. ಆದರೆ ಅಕ್ಕಪಕ್ಕದವರ ಮುಂದೆ ಹೆಸರು ಕೂಗಿಸಿಕೊಳ್ಳಬೇಕಲ್ಲ, ಅದೇ ದೊಡ್ಡ ದಂಡ. ಇವತ್ತು ಅಳೆಯುವವನೇ ನಾಳೆ ಅಳೆಸಿಕೊಳ್ಳುವವನು. ಇದು ಪ್ರವಾಸಿಗರಿಗೆ ತೋರಿಸುವ ನಾಟಕ ಅಂದುಕೊಳ್ಳಬೇಡಿ. 1977ರ ಕಾಯ್ದೆ ಇಂಥ ಹಳೇ ಕೋರ್ಟುಗಳ ಅಧಿಕಾರವನ್ನೆಲ್ಲ ತೆಗೆದುಹಾಕಿದಾಗ ಲ್ಯಾಕ್ಸ್‌ಟನ್ ಕೋರ್ಟನ್ನು ಹೆಸರು ಹಿಡಿದು ಉಳಿಸಿತು.

ನನಗೆ ಕಳವಳ ಇರೋದು ಬೇರೆ ಕಡೆ. ಪಟ್ಟೆ ಬೇಸಾಯಕ್ಕೆ ದೊಡ್ಡ ಯಂತ್ರ ಒಗ್ಗಲ್ಲ, ಸಣ್ಣ ಹಿಡುವಳಿಯಿಂದ ಸಂಸಾರ ಸಾಗಲ್ಲ, ರೈತ ಮನೆಗಳು ಕಡಿಮೆಯಾಗುತ್ತಿವೆ. ಮಣ್ಣನ್ನು, ನಕ್ಷೆಯನ್ನು ಕಾಪಾಡಬಹುದು. 1635ರಲ್ಲಿ ಮಾರ್ಕ್ ಪಿಯರ್ಸ್ ಬರೆದ ಇದೇ ಊರಿನ ನಕ್ಷೆ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಭದ್ರವಾಗಿದೆ. ಆದರೆ ಜ್ಯೂರಿಯಲ್ಲಿ ಕೂರಲು ಉಳುವವರೇ ಬೇಕು. ಒಬ್ಬರೇ ಎಲ್ಲ ಪಟ್ಟೆ ಉಳುವ ದಿನ ಬಂದರೆ ಗಡಿ ನೋಡೋಕೆ ಯಾರು, ನೋಡಿಸಿಕೊಳ್ಳೋಕೆ ಯಾರು?

ನಿಮ್ಮ ಮಕ್ಕಳು ಆ ಸೀಮೆಯಲ್ಲಿದ್ದರೆ ಲಂಡನ್ನಿನ ಅರಮನೆ ಜೊತೆಗೆ ಇದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ಕೆಸರಿಗೆ ಆಗುವಂಥ ಬೂಟು ಹಾಕಿಕೊಂಡು ಹೋಗಿ. ಹುಲ್ಲಿನ ಓಣಿಯಲ್ಲೇ ನಡೆಯಿರಿ, ಗೋಧಿ ತುಳೀಬೇಡಿ.